ಹಠದಕ್ಕ ಕೇಳುವ ಪ್ರಶ್ನೆ

ಮಕ್ಕಳ ಐಸಿಯುವಿನಲ್ಲಿ ಆ ನರ್ಸಿಗೆ ಹಠದಕ್ಕ ಅಂತಲೇ ಹೆಸರು. ಹಾಗಂತ ಅವಳೇನೂ ಹಠಮಾರಿಯಲ್ಲ. ಹೊಸ ಮಗು ಬಂತೆಂದರೆ, ಜ್ವರ, ಔಷಧಿಯ ಮಾತೆಲ್ಲ ಮುಗಿದ ಮೇಲೆ ತಾಯಿಯ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತು, "ನಿಮ್ಮ ಮಗು ಯಾವುದಕ್ಕೆ ಹಠ ಮಾಡುತ್ತಮ್ಮಾ?" ಅಂತ ಕೇಳುತ್ತಾಳೆ. ಉತ್ತರವನ್ನು ಬಿಳಿ ಪ್ಲಾಸ್ಟರಿನ ತುಂಡಿನ ಮೇಲೆ ಬರೆದು ಮಂಚದ ತಲೆಗೆ ಅಂಟಿಸುತ್ತಾಳೆ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಮೂರು ದಿನ ಕಮಕ್ ಕಿಮಕ್ ಅನ್ನದೆ ಮಲಗಿದ್ದ. ಬಂಗಾರದಂಥ ಮಗು ಅಂತ ಹೊಗಳಿ, ಚಾರ್ಟಿನಲ್ಲಿ 'ಶಾಂತವಾಗಿದ್ದಾನೆ' ಅಂತ ಬರೆದಿದ್ದಳು. ನಾಲ್ಕನೇ ದಿನ ಅವನು ಅಪ್ಪನನ್ನೇ ಯಾರೋ ಎಂಬಂತೆ ನೋಡಿದ. ಕೊನೆಗೆ ಹುಷಾರಾಗಿ ಮನೆಗೇನೋ ಹೋದ. ಆದರೆ ಅವನು ಕಳೆದುಹೋಗಿದ್ದಾಗ, ಮಗ್ಗುಲಲ್ಲೇ ಇದ್ದೂ ತಾನು ಹುಡುಕಲಿಲ್ಲವಲ್ಲ ಎಂಬ ಮುಳ್ಳು ಅವಳೊಳಗೆ ಉಳಿಯಿತು.

ಈ ಸಲ ಬಂದವಳು ನಾಲ್ಕು ವರ್ಷದ ಹುಡುಗಿ. ನ್ಯುಮೋನಿಯಾ. ತಾಯಿಗೂ ಚಿಕ್ಕ ವಯಸ್ಸು. ಮಾನಿಟರ್ ಕುಂಯ್ ಅಂದರೆ ಸಾಕು, ಎದ್ದು ನಿಲ್ಲುವಳು.

"ಹಠನಾ? ಸಾಕ್ಸು! ಎಡಗಾಲಿಗೇ ಮೊದಲು ಹಾಕಬೇಕು. ಇಲ್ಲದಿದ್ರೆ ಎರಡೂ ಕಿತ್ತೆಸೀತಾಳೆ. ಒಂದ್ಸಲ ಅದಕ್ಕೇ ಸ್ಕೂಲ್ ವ್ಯಾನ್ ತಪ್ಪಿಹೋಯ್ತು ಸಿಸ್ಟರ್."

"ಓಹೋ, ಮಹಾರಾಣಿ!" ಅನ್ನುತ್ತ ಹಠದಕ್ಕ ಬರೆದಳು: 'ಮೊದಲು ಎಡಗಾಲು.'

ಐದನೇ ದಿನ ಗಂಟಲಿಗೆ ಹಾಕಿದ್ದ ಉಸಿರಿನ ಕೊಳವೆ ತೆಗೆದರು. ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಹುಡುಗಿ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತ ಮಲಗಿದ್ದಳು. "ಎಷ್ಟು ಜಾಣೆ, ಅಳೋದೇ ಇಲ್ಲ," ಅಂದಳು ಜೊತೆಯ ನರ್ಸ್.

ತಾಯಿ ಹಠದಕ್ಕನ ಹತ್ತಿರ ಬಂದು ದನಿ ತಗ್ಗಿಸಿದಳು. "ತಪ್ಪು ತಿಳೀಬೇಡಿ ಸಿಸ್ಟರ್. ಇವಳು ನನ್ನ ಮಗಳ ಥರ ಇಲ್ಲ. ಹೇಳಿದ್ರೆ, ನಿನಗೆ ಎಲ್ಲದಕ್ಕೂ ಗಾಬರಿ ಅಂತಾರೆ ನಮ್ಮನೆಯವರು."

"ನಿಮ್ಮನೆಯವರು ಹಾಗಿರಲಿ, ಸಾಕ್ಸ್ ಕೊಡಿ."

ಬೇಕೆಂದೇ ಬಲಗಾಲಿಗೆ ಮೊದಲು ಹಾಕಿದಳು. ಆಮೇಲೆ ಎಡಗಾಲಿಗೆ. ಚಕಾರವಿಲ್ಲ. ಮುಖದ ಮುಂದೆ ಬಾಗಿ ಕರೆದರೆ ಕಣ್ಣು ಅವಳ ಮೇಲೆ ನಿಲ್ಲಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಇಲ್ಲದ ಏನನ್ನೋ ಹೆಕ್ಕುತ್ತಿದ್ದವು.

ಹಠದಕ್ಕ ನೆಟ್ಟಗೆ ಡಾಕ್ಟರ ಹತ್ತಿರ ಹೋದಳು. "ಸರ್, ತಪ್ಪು ಕಾಲಿಗೆ ಸಾಕ್ಸ್ ಹಾಕಿದೆ. ಸುಮ್ಮನಿದ್ದಾಳೆ."

"ಪುಣ್ಯ ಮಾಡಿದ್ರಿ, ನನ್ನ ಮಗ ಒದೀತಾನೆ," ಅಂತ ನಕ್ಕರೂ ಡಾಕ್ಟರು ಎದ್ದು ಬಂದರು. ಒಂದೊಂದಾಗಿ ಪರೀಕ್ಷೆ ಮಾಡಿ, ರಕ್ತಪರೀಕ್ಷೆಗೆ ಬರೆದುಕೊಟ್ಟು, "ಡೆಲಿರಿಯಂ," ಅಂದರು.

"ಸನ್ನಿನಾ?" ತಾಯಿ ಮಗಳ ಕೈ ಹಿಡಿದುಕೊಂಡಳು. "ಅದರಲ್ಲಿ ಕೂಗಾಡ್ತಾರಲ್ವಾ?"

"ಕೆಲವರು ಕೂಗಾಡ್ತಾರೆ. ಎಷ್ಟೋ ಮಕ್ಕಳು ಹೀಗೆ ಸದ್ದಿಲ್ಲದೆ ಮಂಕಾಗಿಬಿಡ್ತಾರೆ. ಮೈಯಲ್ಲಿ ಕಾಯಿಲೆ, ಮೇಲೆ ಮಂಪರಿನ ಔಷಧಿ, ನಿದ್ದೆಯಿಲ್ಲ. ಬೇಗ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು."

ಮಂಪರಿನ ಔಷಧಿಯನ್ನು ನಿಧಾನವಾಗಿ ಇಳಿಸುತ್ತ ಬಂದರು. ಹಠದಕ್ಕ ಹಗಲಿನ ಬೆಳಕಿಗೆ ಪರದೆ ಸರಿಸಿದಳು, ಮಗು ಕಣ್ಣು ಮುಚ್ಚಿದಾಗ ಯಾರೂ ಮುಟ್ಟದ ಹಾಗೆ ಕಾವಲು ನಿಂತಳು. "ಇವಳ ಮೂಗಿನ ಮೇಲೆ ಇದೇನು ಗುರುತು? ಕನ್ನಡಕ ಇದೆಯಾ?"

ತಾಯಿ ಬ್ಯಾಗಿನಿಂದ ಪುಟ್ಟ ಕನ್ನಡಕ ತೆಗೆದಳು. "ಒಡೆದುಹೋಗುತ್ತೆ ಅಂತ ಭದ್ರವಾಗಿಟ್ಟಿದ್ದೆ."

"ಚೆನ್ನಾಗಿದೆ! ಅಮ್ಮನ ಮುಖ ಮಂಜುಮಂಜಾಗಿ ಕಂಡ್ರೆ ಯಾರನ್ನ ನಂಬಬೇಕು ಅದು? ಹಾಕಿ. ಮಾತಾಡ್ತಾ ಇರಿ, ಮನೇಲಿ ಗದರೋ ಥರನೇ."

ಎರಡು ದಿನ ತಾಯಿ ಮಾತಾಡಿದ್ದೇ ಮಾತಾಡಿದ್ದು. ಮೂರನೇ ಬೆಳಿಗ್ಗೆ ಹಠದಕ್ಕ ಮತ್ತೆ ಬಲಗಾಲು ಹಿಡಿದಳು.

ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. "ಅದಲ್ಲಾ!" ಗಂಟಲು ಇನ್ನೂ ಒಡಕು. "ಈ ಕಾಲು! ಅಮ್ಮಾ, ಇವರಿಗೆ ಏನೂ ಬರಲ್ಲ!" ಅಂದವಳೇ ಹಠದಕ್ಕನ ಕೈಗೆ ಒಂದು ಒದೆ ಕೊಟ್ಟಳು.

ತಾಯಿ ನಗುತ್ತಲೇ ಅಳತೊಡಗಿದಳು. ಹಠದಕ್ಕ ಚಾರ್ಟಿನಲ್ಲಿ 'ಶಾಂತವಾಗಿಲ್ಲ, ಒದ್ದಳು' ಅಂತ ಬರೆದು, ಕಣ್ಣೊರೆಸಿಕೊಂಡು, ಎಡಗಾಲಿನಿಂದ ಶುರು ಮಾಡಿದಳು.