ಹಲ್ಲಿನ ಗುರುತಿದ್ದ ರೈಲು

ಚಾಂದ ಪಾಶಾ ನನಗೆ ಹೇಳಬೇಕಿತ್ತು. ಒಂದೇ ಒಂದು ಮಾತು ಸಾಕಿತ್ತು. ನಾಲ್ಕು ವರ್ಷವಾಯಿತು, ಆ ಸಿಟ್ಟು ಇನ್ನೂ ಹೊಟ್ಟೆಯಿಂದ ಇಳಿದಿಲ್ಲ.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಕಟ್ಟಿಗೆಯನ್ನು ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವುದು ಕಸಬು. ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲಿನ ಕಂಬ. ಕಬ್ಬಿಣದ ಮಂಚಗಳು ಬಂದ ಮೇಲೆ ಕೆಲಸ ಅರ್ಧಕ್ಕೆ ಇಳಿಯಿತು. ಉಳಿದ ಬೇವಿನ ತುಂಡುಗಳಲ್ಲಿ ಸಣ್ಣ ಮಕ್ಕಳಿಗೆ ರೈಲು ಮಾಡತೊಡಗಿದ. ಒಂದು ಇಂಜಿನ್, ಮೂರು ಡಬ್ಬಿ. ಅವನು ಹುಟ್ಟಿದ್ದು ಭಾಲ್ಕಿಯಲ್ಲಿ, ಸ್ಟೇಷನ್ನಿನ ಪಕ್ಕದಲ್ಲೇ. ಸಣ್ಣವನಿದ್ದಾಗ ನೋಡಿದ ಹೊಗೆಬಂಡಿಯ ಕೊಳವೆ ಹೇಗಿತ್ತೋ ಹಾಗೇ ಮಾಡುತ್ತಿದ್ದ, ಗಿಡ್ಡ, ದಪ್ಪ. ಔರಾದಿನ ಕಡೆ ರೈಲೇ ಇಲ್ಲ. ಅಲ್ಲಿಯ ಮಕ್ಕಳಿಗೆ ಕಾಣಿಕೆ ಕೊಡಲು ಜನ ಅವನಲ್ಲಿಗೇ ಬರುತ್ತಿದ್ದರು.

ನಾನು ಗಂಜಿನಿಂದ ತೊಗರಿ, ಕಡಲೆ ಮೂಟೆ ಸಾಗಿಸುವ ಟೆಂಪೋದವನು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಕಮಠಾಣದಿಂದ ಖಾಲಿ ಬರುವಾಗ ಚಾಂದ ಪಾಶಾನಿಗೆ ಬೇವಿನ ಕಟ್ಟಿಗೆ ತಂದು ಹಾಕುತ್ತಿದ್ದೆ. ಐದು ವರ್ಷದ ಗೆಳೆತನ. ಆದರೆ ನನ್ನ ಮಕ್ಕಳು ದೊಡ್ಡವರು, ಅವನ ಹತ್ತಿರ ಆಟಿಕೆ ಕೊಳ್ಳುವ ಪ್ರಸಂಗ ಎಂದೂ ಬಂದಿರಲಿಲ್ಲ.

ನನ್ನ ಕಿರಿಯ ತಂಗಿ ಉಮಾಶ್ರೀಯನ್ನು ಔರಾದಿಗೆ ಕೊಟ್ಟಿದ್ದೇವೆ. ಮದುವೆಯ ದಿನ ನಮ್ಮ ಕಡೆಯವರ ಪಂಕ್ತಿಗೆ ಹೋಳಿಗೆ ಮುಗಿಯಿತು ಎಂದರು. ನಾನು ಎಲೆ ಬಿಟ್ಟು ಎದ್ದೆ. ಅವಳ ಅತ್ತೆ ಶಿವಕಾಂತಾ ಒಂದು ಮಾತಾಡಿದಳು, ನಾನು ನಾಲ್ಕು ಮಾತಾಡಿದೆ. ಎರಡು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ತಂಗಿಯ ಮಗನ ಜಾವಳಕ್ಕೆ ಕರೆ ಬಂತು. ನಮ್ಮಲ್ಲಿ ಕೂಸಿನ ಮೊದಲ ಕೂದಲು ತೆಗೆಯುವುದು ಸೋದರಮಾವನ ತೊಡೆಯ ಮೇಲೆ ಕೂಡಿಸಿಕೊಂಡು. ಅದು ಜನ್ಮಕ್ಕೆ ಒಂದೇ ಸಲ. ಆ ಕೂಸು ನನ್ನ ತೊಡೆಯ ಮೇಲೆ ಕೂತರೆ ಹಳೆಯದೆಲ್ಲ ಅಲ್ಲಿಗೆ ಮುಗಿಯುತ್ತದೆ, ತಂಗಿಯ ಮನೆ ಮತ್ತೆ ನನ್ನದಾಗುತ್ತದೆ ಎಂದುಕೊಂಡೆ.

ಒಂದು ತಿಂಗಳು ಮೊದಲೇ ಚಾಂದ ಪಾಶಾನಿಗೆ ರೈಲಿಗೆ ಹೇಳಿಟ್ಟೆ. ಜಾವಳದ ದಿನ ಬೆಳಿಗ್ಗೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟ. ಹೊತ್ತಾಗಿತ್ತು, ಬಿಚ್ಚಿ ನೋಡದೆ ಹೊರಟೆ.

ಔರಾದಿನಲ್ಲಿ ಐವತ್ತು ಮಂದಿ ಕೂತಿದ್ದರು. ಕ್ಷೌರಿಕ ಕತ್ತರಿ ಒರೆಸುತ್ತಿದ್ದ. ಜಮಖಾನೆಯ ಮೇಲೆ ಗಂಟು ಬಿಚ್ಚಿದೆ. ಕೊಳವೆಯ ಸುತ್ತ ಹಲ್ಲಿನ ಗುರುತು. ಗಾಲಿಗಳು ನೆಲಕ್ಕೆ ತಿಕ್ಕಿ ಮಸಕಾಗಿದ್ದವು. ಒಂದು ಡಬ್ಬಿಗೆ ಒಣಗಿದ ಅನ್ನದ ಅಗುಳು ಅಂಟಿತ್ತು.

ಶಿವಕಾಂತಾ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಎರಡ ವರ್ಷಕ್ಕೊಮ್ಮಿ ಮಾವ ಬಂದಾನ್ರಿ, ಮಂದಿ ಕೂಸು ಕಚ್ಚಿ ಬಿಟ್ಟಿದ್ದು ತಂದಾನ."

"ನೋಡ್ರೆವ್ವಾ, ಹೊಸಾದು ಅದರಿ. ಹೇಳಿ ಮಾಡಿಸೀನಿ," ಎಂದೆ.

"ಹಲ್ಲನೂ ಹೇಳಿ ಮಾಡಿಸೀರೇನು?"

ಎಲ್ಲರೂ ನಕ್ಕರು. ಕ್ಷೌರಿಕನೂ ನಕ್ಕ. ಸಿಟ್ಟಿಗೆ ನನಗೆ ಕಣ್ಣು ಕಾಣಲಿಲ್ಲ. "ಮದಿವ್ಯಾಗ ಹೋಳಿಗಿ ಮುಚ್ಚಿಟ್ಟ ಮನಿ ಇದು, ನನಗ ಹಳೇದು ಹೊಸಾದು ಕಲಿಸ್ತದ," ಎಂದು ಎದ್ದುಬಿಟ್ಟೆ. ಉಮಾಶ್ರೀ ಕೂಸನ್ನು ಎತ್ತಿಕೊಂಡು ಟೆಂಪೋದ ತನಕ ಬಂದಳು. "ಅಣ್ಣಾ, ಕೂಡು ಬಾ. ಹತ್ತ ನಿಮಿಷದ ಕೆಲಸ ಅದ." ರೈಲನ್ನು ಅಲ್ಲೇ ಬಿಟ್ಟು ನಾನು ಗಾಡಿ ಚಾಲು ಮಾಡಿದೆ.

ನೇರ ಶೆಡ್ಡಿಗೆ ಹೋದೆ. ಗಿರಾಕಿಗಳು ನಿಂತಿದ್ದರು. "ಏ ಚಾಂದ, ಬಳಸಿದ್ದು ಹೊಸಾದಂತ ಕೊಡ್ತಿ, ನೀ ಕಳ್ಳ," ಎಂದೆ.

ಅವನು ಯಂತ್ರ ನಿಲ್ಲಿಸಿದ. "ಏನಾಯ್ತು ವೀರಭದ್ರಣ್ಣ?"

"ಹಲ್ಲಿನ ಗುರುತು ಎಲ್ಲಿಂದ ಬಂತು?"

"ಅರ್ಶಿಯಾಂದು. ನಮ್ಮ ಮೊಮ್ಮಗಳು. ಹಲ್ಲು ಬರಾಕತ್ಯಾವ. ಎಂಟು ದಿನ ಆಕಿ ಕೈಯಾಗ ಕೊಟ್ಟಿದ್ದೆ."

"ಯಾಕ?"

"ಮದಲ ಗಾಲಿಗಿ ಮೊಳಿ ಹೊಡೀತಿದ್ದೆ. ಭಾಲ್ಕ್ಯಾಗ ಮೊಳಿ ಕಿತ್ತು ಒಂದ ಕೂಸಿನ ಬಾಯಾಗ ಗಾಲಿ ಹೋತು. ಬೆನ್ನಿಗಿ ಹೊಡದು ಹೊಡದು ತಗದ್ರು, ಬದುಕಿತು. ಅಂದಿನಿಂದ ಮೊಳಿ ಇಲ್ಲ, ಬರೇ ಕಟ್ಟಿಗಿ ಗೂಟ. ಎಂಟ ದಿನ ಒಂದ ಕೂಸು ಕಚ್ಚಿ, ಒಗದು, ಎಳದಾಡಿ ಮುರೀಲಿಲ್ಲ ಅಂದ್ರ ಕೊಡೋದು. ಗಂಜದಾಗ ಎಲ್ಲಾರಿಗೂ ಗೊತ್ತದ. ಯಾವ ಕೂಸು ಕಚ್ಚೇದಂತ ಕೇಳಿ ಒಯ್ತಾರ."

ನಿಂತಿದ್ದ ಗಿರಾಕಿ ಒಬ್ಬ ಹೌದೆಂದು ತಲೆಯಾಡಿಸಿದ.

"ನನಗ ಯಾಕ ಹೇಳಲಿಲ್ಲ?"

"ಐದ ವರ್ಷದಿಂದ ಇಲ್ಲೇ ಕೂತು ಚಾ ಕುಡೀತೀರಿ. ಗೊತ್ತಿಲ್ಲಂತ ನನಗೇನ ಗೊತ್ತು? ನೀವಾದ್ರೂ ಅಲ್ಲಿಂದ ಒಂದ ಫೋನ್ ಮಾಡಿ ಕೇಳಿದ್ರ, ಅಲ್ಲಿದ್ದೋರಿಗಿ ನಾನೇ ಹೇಳ್ತಿದ್ದೆ."

ಆ ಮಾತು ನನ್ನನ್ನು ಇನ್ನಷ್ಟು ಉರಿಸಿತು. ಬೈದು ಬಂದೆ. ಈಗ ಕಮಠಾಣದ ಕಟ್ಟಿಗೆ ಅವನಿಗೆ ಬೇರೆ ಯಾರೋ ತಂದು ಹಾಕುತ್ತಾರೆ.

ಮೂರನೇ ದಿನ ಉಮಾಶ್ರೀ ಫೋನ್ ಮಾಡಿದಳು. ಕ್ಷೌರಿಕ ಎಷ್ಟು ಹೊತ್ತು ಕಾಯುತ್ತಾನೆ? ಬಾಜು ಮನೆಯ ಸಿದ್ದೇಶ್ವರನನ್ನು ಕರೆದು, ಅವನ ತೊಡೆಯ ಮೇಲೆ ಕೂಸನ್ನು ಕೂಡಿಸಿ ಜಾವಳ ಮುಗಿಸಿದರಂತೆ. "ಮಾವನ ಜಾಗಾದಾಗ ಮಂದಿನ ಕೂಡಿಸಿದ್ವಿ ಅಣ್ಣಾ," ಎಂದಳು. ಅತ್ತಳೋ ಇಲ್ಲವೋ, ನನಗೆ ಕೇಳಿಸಲಿಲ್ಲ. ನಾನು ಅವಳ ಅತ್ತೆಯನ್ನು ಬೈಯುತ್ತಿದ್ದೆ.

ಹೋದ ತಿಂಗಳು ಮತ್ತೆ ಮಾತಾಡಿದಳು. ಜಾವಳಕ್ಕೆ ಬಂದ ಆಟಿಕೆಗಳೆಲ್ಲ ಮುರಿದು ಹೋದವಂತೆ. ಕಟ್ಟಿಗೆ ರೈಲು ಮಾತ್ರ ಗಟ್ಟಿಯಾಗಿದೆಯಂತೆ, ಒಂದು ಗಾಲಿಯೂ ಸಡಿಲಾಗಿಲ್ಲವಂತೆ. ಅದನ್ನು ಕೇಳಿ ಇಡೀ ದಿನ ಸಿಕ್ಕವರ ಮೇಲೆಲ್ಲ ರೇಗಿದೆ.

ವಾರಕ್ಕೆರಡು ಸಲ ಔರಾದಿಗೆ ಮೂಟೆ ಒಯ್ಯುತ್ತೇನೆ. ಅವರ ಓಣಿಯ ತಿರುವು ಬಂದಾಗ ಗಾಡಿ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹುಡುಗ ಈಗ ಅಂಗನವಾಡಿಗೆ ಹೋಗುತ್ತಾನಂತೆ, ತಲೆ ತುಂಬ ಕೂದಲಂತೆ. ಎಷ್ಟು ಸಲ ಕತ್ತರಿಸಿದರೂ ಅದಿನ್ನು ಬರೀ ಕಟಿಂಗು, ಜಾವಳವಲ್ಲ. ಹತ್ತು ನಿಮಿಷ ತೊಡೆ ಕೊಡಬೇಕಿತ್ತು. ಆ ಹತ್ತು ನಿಮಿಷ ನಾನು ಆ ಹುಡುಗನಿಗೆ ಕೊಡಬೇಕಾದ ಬಾಕಿಯಾಗಿಯೇ ಉಳಿಯಿತು.