ಬೈರಯ್ಯನವರ ಬೀಗ ಬೆಟ್ಟ ಹತ್ತಿದ್ದು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ದಿನವೂ ಬೆಳಗ್ಗೆ ಎಂಟೂವರೆಗೆ ಒಂದು ಸದ್ದು ಕೇಳಿಸುತ್ತದೆ. ಖಣಲ್, ಖಣಲ್ ಎಂದು ಒಂಬತ್ತು ಸಲ. ಹೊಸದಾಗಿ ಬಾಡಿಗೆಗೆ ಬಂದವರು ಯಾವುದೋ ಗುಡಿಯ ಗಂಟೆ ಎಂದುಕೊಂಡು ಕಿಟಕಿಯಿಂದಲೇ ಕೈಮುಗಿದದ್ದುಂಟು. ಅದು ಗಂಟೆಯಲ್ಲ. ಬೈರಯ್ಯನವರು ತಮ್ಮ ಮನೆಯ ಬೀಗ ಎಳೆದು ನೋಡುವ ಸದ್ದು.

ಕೋಟೆ ಕಾದ ವೀರರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವರಿಗೆ ಸೈನ್ಯವಿತ್ತು, ಬುರುಜಿತ್ತು, ಕಂದಕವಿತ್ತು. ಎರಡು ಕೋಣೆ, ಒಂದು ಅಡುಗೆಮನೆ ಮತ್ತು ರಿಮೋಟು ಕೆಟ್ಟ ಒಂದು ಟೀವಿಯನ್ನು ಒಂದೇ ಒಂದು ಹಿತ್ತಾಳೆ ಬೀಗ ನಂಬಿಕೊಂಡು ಮೂವತ್ತು ವರ್ಷ ಕಾದವರು ಬೈರಯ್ಯ ಒಬ್ಬರೇ. ಅಪನಂಬಿಕೆ ಅವರಿಗೆ ಕಳ್ಳರ ಮೇಲಲ್ಲ, ತಮ್ಮ ಕೈಗಳ ಮೇಲೆ. ಸರ್ಕಾರಿ ಇಲಾಖೆಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ದಿನಕ್ಕೆ ಹದಿನಾಲ್ಕು ಬೀಗ ಹಾಕಿ ತೆಗೆಯುವ ಕೈಗೆ ಯಾವ ಬೀಗ ಯಾವಾಗ ಹಾಕಿತೆಂಬ ಲೆಕ್ಕ ತಪ್ಪಿದೆ ಎಂಬುದು ಅವರ ಅನುಮಾನ.

ಒಂಬತ್ತು ಸಲ ಎಳೆದ ಮೇಲೆ ದಂಪತಿಗಳು ಹೊರಡುತ್ತಾರೆ. ಬೀದಿ ಕೊನೆಯ ಮೆಡಿಕಲ್ ಶಾಪ್ ಮುಂದೆ ಬೈರಯ್ಯನವರ ಕಾಲು ತಾನಾಗಿಯೇ ನಿಲ್ಲುತ್ತದೆ.

"ಹಾಕಿದ್ನಾ?"

"ಹಾಕಿದೀರಿ ಸಾರ್, ಇಲ್ಲೀ ತನಕ ಕೇಳಿಸ್ತು," ಎಂದು ಶಾಪಿನವರು ಕೌಂಟರಿನಿಂದಲೇ ಕೂಗುತ್ತಾರೆ. ಆದರೆ ಬೈರಯ್ಯನವರ ನ್ಯಾಯಾಲಯದಲ್ಲಿ ಸಾಕ್ಷಿಗಳಿಗೆ ಬೆಲೆಯಿಲ್ಲ. ವಾಪಸ್ ಹೋಗುತ್ತಾರೆ, ಎಳೆಯುತ್ತಾರೆ, ಬರುತ್ತಾರೆ. ಹಿಂದೆಯೇ ಅವರ ಹೆಂಡತಿ ಪಾರ್ವತಮ್ಮನೂ ಹೋಗಿ ಬರುತ್ತಾರೆ. ಇದರಿಂದಾಗಿ ಈ ಜೋಡಿ ಮೂವತ್ತು ವರ್ಷದಲ್ಲಿ ಯಾವ ಮದುವೆಯ ಧಾರೆಯನ್ನೂ ನೋಡಿಲ್ಲ. ಮಲ್ಲೇಶ್ವರದ ಛತ್ರಗಳ ಅಡುಗೆಯವರಿಗೆ ಇವರು 'ಕೊನೇ ಪಂಕ್ತಿಯವರು' ಎಂದೇ ಪರಿಚಯ. ಒಂದು ರಾತ್ರಿ ಹೊರಗೆ ತಂಗುವುದಂತೂ ದೂರದ ಮಾತಾಗಿತ್ತು.

ಇಲ್ಲಿ ಪಾರ್ವತಮ್ಮನ ವಿಷಯ ಹೇಳಬೇಕು. ಅವರು ಹೈಸ್ಕೂಲಿನಲ್ಲಿ ಭೂಗೋಳದ ಟೀಚರ್. ಇಪ್ಪತ್ತೊಂಬತ್ತು ವರ್ಷ ಕಪ್ಪುಹಲಗೆಯ ಮೇಲೆ ಕಂದು ಸೀಮೆಸುಣ್ಣದಲ್ಲಿ ಪಶ್ಚಿಮ ಘಟ್ಟಗಳನ್ನು ಬರೆದವರು. ಮೋಡ ಎಲ್ಲಿ ತಡೆದು ನಿಲ್ಲುತ್ತದೆ, ಯಾವ ನದಿ ಯಾವ ಕಡೆ ಇಳಿಯುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವರು. ಆ ಘಟ್ಟಗಳನ್ನು ನೋಡಿದ್ದು ಮಾತ್ರ ಪಠ್ಯಪುಸ್ತಕದಲ್ಲಿ. ಕಳೆದ ನವೆಂಬರಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಮೇಲಿಂದ ನೋಡಿದ್ರೆ ಹೆಂಗಿರುತ್ತೆ?" ಎಂದು ಕೇಳಿದಳು. ಪಾರ್ವತಮ್ಮ ಸೀಮೆಸುಣ್ಣ ಕೆಳಗಿಟ್ಟರು. ಸ್ಟಾಫ್ ರೂಮಿಗೆ ಬಂದು ಫೋನಿನಲ್ಲಿ ಚಿಕ್ಕಮಗಳೂರು ಕಡೆಯ ಒಂದು ಕ್ಯಾಂಪು ಬುಕ್ ಮಾಡಿಬಿಟ್ಟರು. ಎರಡು ರಾತ್ರಿ ಟೆಂಟು, ನಡುವೆ ಒಂದು ಬೆಟ್ಟ. ಮನೆಗೆ ಬಂದು ಇಷ್ಟೇ ಹೇಳಿದರು: "ಒಂದ್ಸಲ ಮೇಲೆ ನಿಂತು ನೋಡ್ಬೇಕು ರೀ. ರಿಟೈರ್ ಆಗೋದ್ರೊಳಗೆ."

"ಟೆಂಟಿಗೆ ಬೀಗ ಹೆಂಗ್ ಹಾಕ್ತಾರೆ?" ಎಂದರು ಬೈರಯ್ಯ.

ಹೊರಡುವ ದಿನ ಬೀಗವನ್ನು ಎಷ್ಟು ಸಲ ಎಳೆದರೆಂದು ಎಣಿಸಲು ಹೋದವರು ಇಪ್ಪತ್ತಕ್ಕೆ ಕೈಬಿಟ್ಟರು. ಎದುರು ಮನೆಯ ರಂಗನಾಯಕಮ್ಮನಿಗೆ ಕಾವಲಿನ ಹೊಣೆ ಬಿತ್ತು. ನೆಲಮಂಗಲ ದಾಟುವುದರೊಳಗೆ ಫೋನು.

"ರಂಗನಾಯಕಮ್ಮ, ಸ್ವಲ್ಪ ಬೀಗ ಎಳೆದು ನೋಡ್ತೀರಾ?"

"ಎಳ್ದೆ ಬೈರಯ್ಯನೋರೇ. ಬೀಗ ಗಟ್ಟಿಯಾಗಿದೆ, ಚಿಲಕ ಕಿತ್ಕೊಂಡ್ ಬರೋ ಹಂಗಿದೆ."

ತುಮಕೂರಿನಿಂದ ಇನ್ನೊಂದು, ಚಿಕ್ಕಮಗಳೂರಿನಿಂದ ಮತ್ತೊಂದು. ಕೊನೆಗೆ ಆಕೆ ಬೀಗದ ಫೋಟೋ ತೆಗೆದು ಕಳಿಸಿದರು. ಬೈರಯ್ಯ ಅದನ್ನು ದೊಡ್ಡದು ಮಾಡಿ, ಓರೆ ಮಾಡಿ, ತಲೆಕೆಳಗು ಮಾಡಿ ನೋಡಿದರು. ಅಷ್ಟರಲ್ಲಿ ಘಟ್ಟ ಶುರುವಾಗಿ ನೆಟ್‌ವರ್ಕ್ ಹೋಯಿತು. ಪಾರ್ವತಮ್ಮ ಕಿಟಕಿಯ ಕಡೆ ತಿರುಗಿ ಮೊದಲ ಬಾರಿಗೆ ನೆಮ್ಮದಿಯಾಗಿ ಕೂತರು.

ಕ್ಯಾಂಪಿನಲ್ಲಿ ಟೆಂಟಿಗೆ ಬಾಗಿಲಿರಲಿಲ್ಲ, ಜಿಪ್ ಇತ್ತು. ಬೈರಯ್ಯ ಧೃತಿಗೆಡಲಿಲ್ಲ. ಜೇಬಿನಿಂದ ಹೆಬ್ಬೆರಳಿನಷ್ಟೇ ಇದ್ದ ಪುಟ್ಟ ಬೀಗ ತೆಗೆದರು. ಮರುದಿನ ಬೆಳಗ್ಗೆ ಮನೆಯ ಬೀಗದಕೈ ಇದ್ದ ಚೀಲವನ್ನು ಟೆಂಟಿನಲ್ಲಿಟ್ಟು, ಜಿಪ್ಪಿನ ಎರಡು ತುದಿ ಸೇರಿಸಿ ಬೀಗ ಜಡಿದು, ಒಂಬತ್ತು ಸಲ ಎಳೆದರು. ಟೆಂಟು ಒಂಬತ್ತು ಸಲ ಬಾಗಿ ನಮಸ್ಕರಿಸಿತು.

ದಾರಿ ತೋರಿಸಲು ಬಂದವನು ಮರಿಯಣ್ಣ. ಐವತ್ತರ ಗಟ್ಟಿ ಆಳು, ಕೈಯಲ್ಲೊಂದು ಕತ್ತಿ, ಮಾತು ಕಡಿಮೆ. ಹೊರಡುವ ಮೊದಲು ಎರಡೇ ನಿಯಮ ಹೇಳಿದ. "ಮೂರೂ ಜನ ಒಟ್ಟಿಗೇ ಇರ್ಬೇಕು ಸಾರ್, ಆನೆ ಓಡಾಡೋ ಜಾಗ. ಹನ್ನೊಂದರ ಮೇಲೆ ಮಂಜು ಮುಚ್ತದೆ, ಆಮೇಲೆ ಮೇಲೆ ಹೋದ್ರೂ ಏನೂ ಕಾಣಲ್ಲ."

ಮೊದಲ ಒಂದು ಗಂಟೆ ಕಾಡು. ಜಿಗಣೆಗಳು ಬೈರಯ್ಯನವರ ಕಾಲು ಹಿಡಿದವು. ಅವರು ಉಪ್ಪು ಹಚ್ಚಿ ಬಿಡಿಸಿಕೊಂಡರು. ಆಮೇಲೆ ಹುಲ್ಲುಗಾವಲು, ಗಾಳಿ, ಒಂದಾದಮೇಲೊಂದು ಏರು. ಪಾರ್ವತಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿ, ಶಾಲೆಯ ಕ್ರೀಡಾಕೂಟದ ಶೂ ತೊಟ್ಟು ಮುಂದೆ ಮುಂದೆ ನಡೆಯುತ್ತಿದ್ದರು. ಕಲ್ಲು ಕಂಡರೆ ಅದರ ಜಾತಿ ಹೇಳುತ್ತಿದ್ದರು. ತೊರೆ ಕಂಡರೆ ಅದು ಯಾವ ನದಿಗೆ ಸೇರಬೇಕೆಂದು ಮರಿಯಣ್ಣನಿಗೇ ಪಾಠ ಹೇಳಿದರು. ಅವನು ತಲೆಯಾಡಿಸಿ, "ಇರ್ಬೇಕು ಅಮ್ಮ, ನಾವು ಕುಡೀತೀವಿ ಅಷ್ಟೇ," ಎಂದ.

ಹತ್ತು ಗಂಟೆಗೆ ಕೊನೆಯ ಏರಿನ ಬುಡಕ್ಕೆ ಬಂದರು. ಮೇಲೆ ಬೋಳು ನೆತ್ತಿ ಕಾಣುತ್ತಿತ್ತು. ಇನ್ನು ಮುಕ್ಕಾಲು ಗಂಟೆಯ ದಾರಿ. ಅಲ್ಲಿ, ಆ ಮೂರು ಜನರ ಹೊರತು ನರಪಿಳ್ಳೆಯಿಲ್ಲದ ಜಾಗದಲ್ಲಿ, ಬೈರಯ್ಯನವರ ಕಾಲು ನಿಂತಿತು.

"ಹಾಕಿದ್ನಾ?"

ಪಾರ್ವತಮ್ಮ ನಿಂತರು. ಮರಿಯಣ್ಣ ನಿಂತ. ಗಾಳಿ ಮಾತ್ರ ನಿಲ್ಲಲಿಲ್ಲ.

"ಏನು ಸಾರ್?"

"ಟೆಂಟಿಗೆ ಬೀಗ. ಮನೆ ಬೀಗದಕೈ ಒಳಗಿದೆ. ಎಳ್ದಿದ್ದು ನೆನಪಿದೆ, ಹಾಕಿದ್ದು ನೆನಪಿಗೆ ಬರ್ತಿಲ್ಲ."

ಮರಿಯಣ್ಣ ಕೆಳಗೆ ನೋಡಿದ, ಆಕಾಶ ನೋಡಿದ. "ಇಳ್ದು ಹತ್ತೋ ಹೊತ್ತಿಗೆ ಮಂಜು ಬಂದಿರ್ತದೆ. ನಾಳೆ ನಿಮಗೆ ಬಸ್ಸು. ನಾನ್ ಒಬ್ಬರನ್ನ ಬಿಟ್ಟು ಒಬ್ಬರನ್ನ ಕರ್ಕೊಂಡ್ ಹೋಗೋ ಹಂಗಿಲ್ಲ. ಇಳಿಯೋದಾದ್ರೆ ಮೂರೂ ಜನ ಇಳಿಯೋದು, ಹತ್ತೋದಾದ್ರೆ ಮೂರೂ ಜನ."

ಪಾರ್ವತಮ್ಮ ನೆತ್ತಿಯನ್ನು ಒಂದು ಸಲ ನೋಡಿದರು. ಆಮೇಲೆ ಬಾಗಿ ಶೂ ಲೇಸು ಬಿಗಿ ಮಾಡಿಕೊಂಡು, ಕೆಳಗಿನ ದಾರಿಗೆ ಮುಖ ಮಾಡಿ ನಿಂತರು.

"ನಡೀರಿ. ನಾನೂ ಬರ್ತೀನಿ. ಮೂವತ್ತು ವರ್ಷದಿಂದ ಬಂದಿಲ್ವಾ?"

ಸಿಟ್ಟಿನಲ್ಲಿ ಹೇಳಿದ್ದರೆ ಬೈರಯ್ಯ ಉತ್ತರ ಕೊಡುತ್ತಿದ್ದರು. ಆಕೆ ಸಿಟ್ಟಿನಲ್ಲಿ ಹೇಳಲಿಲ್ಲ. ಬೈರಯ್ಯ ಇಳಿಯಲು ಹೊರಟರು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಅಲ್ಲಿ ನಿಂತರು. ಕಣಿವೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಮರಿಯಣ್ಣ ಆಮೇಲೆ ಹೇಳಿದ ಪ್ರಕಾರ, ಅವರ ಮುಖದಲ್ಲಿ ಆಗ ಒಂದು ದೊಡ್ಡ ಯುದ್ಧವೇ ನಡೆದುಹೋಯಿತು. ಮತ್ತೆ ತಿರುಗಿ, "ಮೇಲಕ್ಕೇ ನಡಿ ಪಾರ್ವತಿ," ಎಂದರು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ನೆತ್ತಿಯ ಮೇಲಿದ್ದರು. ಘಟ್ಟಗಳು ಸಾಲು ಸಾಲಾಗಿ ಪಡುವಣದವರೆಗೆ ಹೋಗಿದ್ದವು. ಹತ್ತಿರದ್ದು ಹಸಿರು, ಅದರಾಚೆಯದು ನೀಲಿ, ಅದರಾಚೆಯದು ಹೊಗೆಯ ಬಣ್ಣ, ಅದರಾಚೆ ಬೆಟ್ಟವೋ ಮೋಡವೋ ತಿಳಿಯದ್ದು. ಪಾರ್ವತಮ್ಮನ ಕೈ ಗಾಳಿಯಲ್ಲಿ ಸಾಲಿನ ಅಂಚನ್ನು ಬರೆಯುತ್ತಿತ್ತು.

"ಒಂದು ಕಡೇನೂ ಕಂದು ಇಲ್ವಲ್ರೀ," ಎಂದರು ಕೊನೆಗೆ.

ಮಂಜು ಬಂದು ಎಲ್ಲವನ್ನೂ ಅಳಿಸಿತು. ಅವರು ಚಿತ್ರಾನ್ನ ತಿಂದು ಇಳಿದರು.

ಟೆಂಟಿನ ಬೀಗ ಹಾಕಿದ ಹಾಗೆಯೇ ಇತ್ತು. ಬೈರಯ್ಯ ಎದೆಯುಬ್ಬಿಸಿ ಅದನ್ನು ತೆಗೆದರು. ಒಳಗೆ ಅವರ ಕಂಬಳಿಯ ಮೇಲೆ, ಬೀಗದಕೈ ಇದ್ದ ಚೀಲವನ್ನೇ ದಿಂಬು ಮಾಡಿಕೊಂಡು, ಕ್ಯಾಂಪಿನ ನಾಯಿ ಮಲಗಿತ್ತು. ಟೆಂಟಿಗೆ ಹಿಂದುಗಡೆಯೂ ಒಂದು ಜಿಪ್ ಇತ್ತು; ಅದು ಹಿಂದಿನ ರಾತ್ರಿಯಿಂದಲೂ ತೆರೆದೇ ಇತ್ತು. ನಾಯಿ ಒಂದು ಕಣ್ಣು ತೆರೆದು, ಬಂದವರು ಮನೆಯವರೇ ಎಂದು ಖಚಿತಪಡಿಸಿಕೊಂಡು ಮತ್ತೆ ಮುಚ್ಚಿತು.

ಇತ್ತ ನಮ್ಮ ಬೀದಿಗೆ ಫೋಟೋಗಳು ಅವರಿಗಿಂತ ಮುಂಚೆ ಬಂದವು. ಅವುಗಳಲ್ಲಿ ಮರಿಯಣ್ಣ ತೆಗೆದದ್ದೊಂದು, ಇಳಿಯುವ ದಾರಿಯಲ್ಲಿ ಬೈರಯ್ಯ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿರುವುದು. ಮೂವತ್ತು ವರ್ಷದಲ್ಲಿ ಬೀದಿ ಕಾಣದ ದೃಶ್ಯ. ಕೊನೆಯ ಏರಿನ ಬುಡದಲ್ಲಿ ನಡೆದದ್ದು, ವಾಪಸ್ ಬಂದ ಪಾರ್ವತಮ್ಮನ ಬಾಯಿಂದ ಗೊತ್ತಾದ ಮೇಲಂತೂ ಮೆಡಿಕಲ್ ಶಾಪಿನ ಮುಂದೆ ಎರಡು ದಿನ ಬೇರೆ ಮಾತಿರಲಿಲ್ಲ. ಹೆಂಡತಿಗಾಗಿ ಗಂಡಸೊಬ್ಬ ತನ್ನ ಸ್ವಭಾವವನ್ನೇ ಗೆದ್ದ ಎಂದು ಹೆಂಗಸರು ತಂತಮ್ಮ ಗಂಡಂದಿರನ್ನು ಹೊಸ ದೃಷ್ಟಿಯಿಂದ ನೋಡತೊಡಗಿದರು.

ಎರಡನೆಯ ದಿನ ಸಂಜೆ ರಂಗನಾಯಕಮ್ಮ ಕಾಫಿ ತಂದುಕೊಟ್ಟು, ಕಣ್ಣೊರೆಸಿಕೊಂಡೇ ಕೇಳಿದರು. "ಬೈರಯ್ಯನೋರೇ, ನಾಲ್ಕು ಹೆಜ್ಜೆ ಇಳಿದೋರು ಮತ್ತೆ ಹತ್ತಿದ್ರಂತಲ್ಲ. ಆ ಕ್ಷಣ ಮನಸ್ಸಿಗೆ ಏನು ಬಂತು ಹೇಳಿ. ನಮ್ಮನೆಯವರೂ ಕೇಳಿಸ್ಕೊಳ್ಳಲಿ."

ಬೈರಯ್ಯ ಲೋಟ ಕೆಳಗಿಟ್ಟು, ಯೋಚಿಸಿ, ಇದ್ದದ್ದನ್ನು ಹೇಳಿದರು.

"ಮನಸ್ಸಿಗೇನೂ ಬರ್ಲಿಲ್ಲಮ್ಮ. ಇಳಿಯೋವಾಗ ಮಂಡಿ ಚಳಕ್ ಅಂತಿತ್ತು. ಹತ್ತೋದೇ ವಾಸಿ ಅನ್ನಿಸ್ತು."