ತಲೆಪಟ್ಟಿ ಮತ್ತು ಹುಲ್ಲಿನ ಎಸಳು

ಸ್ಟ್ರೋಕ್ ಆದಮೇಲೆ ನನ್ನ ಬಲಗೈ ಬಟ್ಟೆ ಒತ್ತಿ ಹಿಡಿಯುವಷ್ಟು ಚೇತರಿಸಿಕೊಂಡಿತು, ಸೂಜಿ ಮಾತ್ರ ನಿಲ್ಲುತ್ತಿರಲಿಲ್ಲ. ನಮ್ಮನೆಯವರ ಕಣ್ಣು ನನ್ನ ಹೊಲಿಗೆ ಮೆಷಿನ್ ಮೇಲೆ ಬಿತ್ತು. "ಸುಮ್ನೆ ತುಕ್ಕು ಹಿಡೀತದೆ, ನನ್ನ ತಂಗಿಗೆ ಕೊಡೋಣ" ಅಂದರು. ಶನಿವಾರಸಂತೆಯ ಅರ್ಧ ಊರಿಗೆ ರವಿಕೆ ಹೊಲಿದ ಮೆಷಿನ್ ಅದು! ಎಡಗೈಯಲ್ಲೇ ಕಲಿತು ತೋರಿಸ್ತೀನಿ, ಅಲ್ಲೀತನಕ ಮುಟ್ಟಬೇಡಿ ಅಂದೆ.

ಮಡಿಕೇರಿಯ ಡಾಕ್ಟರಮ್ಮ ಒಂದು ಪ್ರಯೋಗಕ್ಕೆ ಕರೆದರು. ಉಪ್ಪುನೀರಲ್ಲಿ ನೆನೆಸಿದ ಸ್ಪಂಜನ್ನು ತಲೆಗೆ ಪಟ್ಟಿ ಕಟ್ಟಿ ಕೂರಿಸಿ, ಸಣ್ಣ ಕರೆಂಟು ಬಿಡುತ್ತಾರಂತೆ. ಆಗಲೇ ಸೂಜಿ ಹಿಡಿದು ಅಭ್ಯಾಸ ಮಾಡಿದರೆ ಕೈ ಬೇಗ ಕಲಿಯಬಹುದಂತೆ.

"ಕೆಲವರಿಗೆ ನಿಜವಾದ ಕರೆಂಟು, ಕೆಲವರಿಗೆ ಬರೀ ತೋರಿಕೆ. ಯಾರಿಗೆ ಯಾವುದು ಅಂತ ಈಗ ನನಗೂ ಗೊತ್ತಿಲ್ಲ ಅಕ್ಕ, ಕೊನೆಗೆ ಹೇಳ್ತೀವಿ."

ಗೊತ್ತಿಲ್ಲವಂತೆ! ಕಿವಿ ಮೇಲೆ ಹೂ ಇಡೋಕೆ ನಾನೇ ಸಿಕ್ಕಿದ್ನಾ? ಆದರೂ ಒಪ್ಪಿದೆ, ಬೇರೆ ದಾರಿ ಇರಲಿಲ್ಲ. ಪಟ್ಟಿ ಕಟ್ಟಿದಾಗ ಮೊದಲು ತಲೆ ಚುರುಚುರು ಅಂತು, ಆಮೇಲೆ ಏನೂ ಇಲ್ಲ.

"ಆಫ್ ಮಾಡಿದ್ರಾ ಮೇಡಂ?"

"ಎಲ್ಲರಿಗೂ ಹಾಗೇ ಅನ್ಸುತ್ತೆ."

ನಂಬೋಳಾ ನಾನು? ಆನೆ ಬೇಲಿಯಲ್ಲಿ ಕರೆಂಟಿದೆಯಾ ಅಂತ ನೋಡಲು ನಮ್ಮ ಕಡೆ ತಂತಿಗೆ ಹಸಿ ಹುಲ್ಲು ತಾಗಿಸುತ್ತಾರೆ, ಇದ್ದರೆ ಬೆರಳು ಜುಮ್ಮೆನ್ನುತ್ತದೆ. ಮುಂದಿನ ಸಲ ಆಸ್ಪತ್ರೆ ಅಂಗಳದಿಂದ ಒಂದು ಎಸಳು ಕಿತ್ತು ಸೆರಗಲ್ಲಿಟ್ಟುಕೊಂಡೆ. ಡಾಕ್ಟರಮ್ಮ ಆಚೆ ತಿರುಗಿದಾಗ ಸ್ಪಂಜಿಗೆ ತಾಗಿಸಿದೆ. ಏನೂ ಇಲ್ಲ. ಕಳ್ಳರು, ನನಗೆ ತೋರಿಕೆಯದ್ದೇ ಕಟ್ಟಿದ್ದಾರೆ! ಆ ಸಿಟ್ಟಿಗೆ ಮನೆಯಲ್ಲೂ ಹಳೇ ಬಟ್ಟೆಗೆ ಹುಕ್ಕು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಎಡಗೈ ನಿಧಾನಕ್ಕೆ ಹದಕ್ಕೆ ಬಂತು.

ಕೊನೆಯ ದಿನ ಡಾಕ್ಟರಮ್ಮ ನಕ್ಕರು. "ನಿಮ್ಮದು ನಿಜವಾದ ಕರೆಂಟೇ ಅಕ್ಕ."

"ಮತ್ತೆ ಹುಲ್ಲು ತಾಗಿಸಿದಾಗ ಜುಮ್ಮೆನ್ನಲಿಲ್ಲವಲ್ಲ?" ಬಾಯಿ ತಪ್ಪಿ ಬಂತು.

"ಹುಲ್ಲಿಗೆ ಗೊತ್ತಾಗೋಷ್ಟು ಜೋರಿಲ್ಲ. ಹಾಗಂತ ಅದರಿಂದಲೇ ಕೈ ಕಲೀತು ಅಂತ ನಿಮ್ಮೊಬ್ಬರನ್ನ ನೋಡಿ ಹೇಳೋಕಾಗಲ್ಲ."

ಬಸ್ಸಲ್ಲಿ ಕೂತ ಮೇಲೆ ಹೊಸ ಚಿಂತೆ. ಪಟ್ಟಿ ಅಲ್ಲೇ ಉಳಿಯಿತಲ್ಲ, ಇನ್ನು ಕೈಯೂ ಮರೆತುಬಿಟ್ಟರೆ? ಈಗ ನನ್ನ ಕೈ ಮೇಲೇ ಅನುಮಾನ.

ಮನೆ ಮುಂದೆ ಗೂಡ್ಸ್ ಆಟೋ ನಿಂತಿತ್ತು. ನಾದಿನಿ ಮೆಷಿನ್ ಒಯ್ಯಲು ಬಂದಿದ್ದಳು. ಅವಳ ರವಿಕೆಗೆ ಹುಕ್ಕಿನ ಜಾಗದಲ್ಲಿ ಪಿನ್ನು.

"ಒಳಗೆ ಬಾರೇ, ಆ ರವಿಕೆ ಬದಲಾಯಿಸಿ ಕೊಡು" ಅಂದೆ.

ನಮ್ಮನೆಯವರು ಬಾಗಿಲಲ್ಲೇ ನಿಂತರು. ಎಡಗೈಯಲ್ಲಿ ಸೂಜಿ ಹಿಡಿದೆ. ಹೊಲಿದು ಮುಗಿಸಿ ಹುಕ್ಕನ್ನು ಎಳೆದೆ. ನಂಬಿಕೆ ಬರಲಿಲ್ಲ, ಕಿತ್ತು ಬರುತ್ತಾ ಅಂತ ಹಲ್ಲಲ್ಲಿ ಕಚ್ಚಿ ಎಳೆದೆ. ಬರಲಿಲ್ಲ.

"ಆಟೋ ವಾಪಸ್ ಕಳಿಸ್ರೀ" ಅಂದೆ.